ನೀವು ಮಾಡದ ತಪ್ಪನ್ನು ನಾನು ಕ್ಷಮಿಸಿದೆ

ಸುರಪುರದ ಚರ್ಚಿನ ಸಭೆಯಿಂದ ನನ್ನನ್ನು ಯಾರೂ ವರ್ಗ ಮಾಡಿಸಲಿಲ್ಲ, ದಾನಪ್ಪಣ್ಣ. ನಾನೇ ಕೇಳಿಕೊಂಡು ಬಂದೆ. ಬಸ್ಸು ಹತ್ತಿ ಯಾದಗಿರಿಗೆ ಹೋಗಿ, ಸಭೆಗಳ ಮೇಲ್ವಿಚಾರಕರ ಎದುರು ಕೂತು, ಅವರು ಕೊಟ್ಟ ಚಹಾ ಕುಡಿದು, ನನಗೆ ಬೇರೆ ಸಭೆ ಕೊಡಿ ಎಂದು ಬಾಯಿಬಿಟ್ಟು ಕೇಳಿದವನು ನಾನು. ಇಷ್ಟು ಹೇಳಲು ಇಷ್ಟು ವರ್ಷ — ಇರಲಿ, ವರ್ಷಗಳ ಮಾತು ಎತ್ತಿದರೆ ನಾಚಿಕೆ ಇನ್ನೂ ಹೆಚ್ಚುತ್ತದೆ.

ಈಗ ಮತ್ತೆ ಸಾಮಾನು ಕಟ್ಟುತ್ತಿದ್ದೇವೆ, ಯಾದಗಿರಿಯಿಂದ ಶಹಾಪುರಕ್ಕೆ. ಪಾಸ್ಟರನ ಸಂಸಾರವೇ ಹೀಗೆ. ಗೋಡೆಗೆ ಮೊಳೆ ಹೊಡೆಯುವಾಗಲೇ ಅದನ್ನು ಕೀಳುವ ದಿನ ನೆನಪಾಗುತ್ತದೆ. ನನ್ನ ಹೆಂಡತಿ ಸುಗುಣಾ ಡಬ್ಬಿಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಾಳೆ. ಖಾರಪುಡಿ ಯಾವ ಡಬ್ಬಿಯಲ್ಲಿದೆ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಈ ಮನೆಯೂ ಮುಗಿಯಿತು. ನನ್ನ ಪಾಲಿನ ಕೆಲಸ ಬಟ್ಟೆ ಮಡಚುವುದು. ಹಾಗೆ ಮಡಚುವಾಗ ನೀವು ಹೊಲಿದುಕೊಟ್ಟ ಬಿಳಿ ನಿಲುವಂಗಿ ಕೈಗೆ ಬಂತು. ವಾರವಾರವೂ ಅದನ್ನೇ ತೊಟ್ಟು ಆರಾಧನೆ ನಡೆಸಿದ್ದೇನೆ. ಸುರಪುರದ ಬಜಾರಿನ ನಿಮ್ಮ ಅಂಗಡಿಗೆ ಅದರ ಕೂಲಿ ಕೊಡಲು ಬಂದಾಗ ನೀವು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಅಂದಿರಿ: "ನಿಮ್ಮ ಕಡಿಂದ ರೊಕ್ಕ ತಗೋತೀನೇನ್ರಿ ಪಾಸ್ಟರ್ರ? ಪ್ರಸಂಗ ಒಂದೀಟು ಸಣ್ಣದು ಮಾಡ್ರಿ, ಅದ ನನ್ನ ಕೂಲಿ."

ನನಗೆ ಸಾಕಾಗಿತ್ತು, ಅಣ್ಣ. ನಿಮ್ಮ ಯಾರ ತಪ್ಪೂ ಅದರಲ್ಲಿರಲಿಲ್ಲ. ಸುಗುಣಾ ಟೈಫಾಯ್ಡ್ ಹಿಡಿದು ಮಲಗಿದ್ದಾಗ ನಮ್ಮ ಒಲೆ ಹೊತ್ತಲೇ ಇಲ್ಲ, ಜೋಳದ ರೊಟ್ಟಿ ಪುಂಡಿಪಲ್ಯ ಬಾಗಿಲಿಗೇ ಬಂತು. ಅಷ್ಟು ಪ್ರೀತಿ. ಆದರೆ ಆ ಬಾಗಿಲು ಎಂದೂ ಮುಚ್ಚುವಂತಿರಲಿಲ್ಲ. ಉಣ್ಣಲು ಕೂತರೂ ಯಾರಾದರೂ ಬರುವರು, ಕಣ್ಣು ಮುಚ್ಚಿದರೂ ಯಾರಾದರೂ. ಪ್ರಾರ್ಥನೆ ಮಾಡಿ ಎಂದು ಬಂದವರನ್ನು ಕಂಡರೆ ಒಳಗೊಳಗೇ ಸಿಡುಕುತ್ತಿದ್ದೆ. ಮತ್ತೆ — ಇದನ್ನೂ ಹೇಳಿಬಿಡುತ್ತೇನೆ — ಯಾದಗಿರಿಯ ದೊಡ್ಡ ಸಭೆಯ ಮೇಲೆ ಆಸೆಯಿತ್ತು. ತುಂಬಿದ ಬೆಂಚುಗಳು, ಒಳ್ಳೆಯ ಮೈಕು. ಕೈತುತ್ತು ಹಾಕಿದ ಜನಕ್ಕೆ, ನಿಮ್ಮನ್ನು ಬಿಟ್ಟು ಹೋಗಲು ನಾನೇ ಕೇಳಿಕೊಂಡೆ ಎಂದು ಹೇಗೆ ಹೇಳಲಿ? ಆದೇಶ ಬಂದಾಗ ನಾನೂ ಅಚ್ಚರಿಪಟ್ಟವನಂತೆ ಮುಖ ಮಾಡಿದೆ.

ಅದಕ್ಕೆ ಸ್ವಲ್ಪ ಮುಂಚೆ ನಮ್ಮಿಬ್ಬರ ಜಗಳ ಆಗಿತ್ತಲ್ಲ. ಬೇಸಿಗೆಯಲ್ಲಿ ಆರಾಧನೆ ಬೇಗ ಮುಗಿಸಿ, ತಗಡಿನ ಸೂರಿನ ಕೆಳಗೆ ಮುದುಕರು ಬೇಯುತ್ತಾರೆ ಎಂದು ನೀವು ಕಮಿಟಿಯಲ್ಲಿ ಎದ್ದು ಹೇಳಿದಿರಿ. ನೀವು ಹೇಳಿದ್ದು ಸರಿಯಿತ್ತು. ನನ್ನದು ಮೂಗಿನ ತುದಿಯ ಸಿಟ್ಟು, ದನಿ ಏರಿಸಿದೆ. ನೀವೂ ಏರಿಸಿದಿರಿ. "ಮ್ಯಾಲಿನವ್ರ ಮುಂದ ಹೇಳ್ತೀನ್ರಿ!" ಎಂದದ್ದು ಎಲ್ಲರ ಕಿವಿಗೂ ಬಿತ್ತು. ನೀವು ಯಾರ ಮುಂದೆಯೂ ಹೇಳಲಿಲ್ಲ. ಮರುದಿನವೇ ನಗುತ್ತಾ ಬಂದು ನನ್ನ ಅಂಗಿಯ ಗುಂಡಿ ಹಚ್ಚಿಕೊಟ್ಟಿರಿ. ಆದರೆ ವರ್ಗದ ಸುದ್ದಿ ಬಂದ ಕೂಡಲೇ ಜನ ಜಗಳಕ್ಕೂ ಅದಕ್ಕೂ ಗಂಟು ಹಾಕಿದರು.

ಬೀಳ್ಕೊಡುಗೆಯ ಭಾನುವಾರ ಕಡೆಯ ಕೀರ್ತನೆ ಮುಗಿದಿತ್ತು. ನೀವು ಹಿಂದಿನ ಸಾಲಿನಿಂದ ಎದ್ದು ನಿಂತಿರಿ.

"ಪಾಸ್ಟರ್ರ, ಎಲ್ಲಾರ ಮುಂದ ಕೇಳ್ತೀನಿ. ನನ್ನ ಬಾಯಿಂದನ ನಿಮ್ಮ ಬದ್ಲಿ ಆಯ್ತೇನ್ರಿ?"

ಅಲ್ಲ ಎಂದರೆ ಸಾಕಿತ್ತು. ಸುಗುಣಾ ನನ್ನನ್ನೇ ನೋಡುತ್ತಿದ್ದಳು, ಅವಳಿಗೆ ನಿಜ ಗೊತ್ತಿತ್ತು. ಮೈಮೇಲೆ ನೀವು ಹೊಲಿದ ಅಂಗಿ. ನಾನು ಹೇಳಿದ್ದು ಏನು —

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ದಾನಪ್ಪಣ್ಣ. ನಾ ಕ್ಷಮಿಸೀನಿ. ಬರ್ರಿ, ಪ್ರಾರ್ಥನಾ ಮಾಡೋಣ್ರಿ."

ನಿಮ್ಮ ತಲೆಯ ಮೇಲೆ ಕೈಯಿಟ್ಟೆ. ನೀವು ಅತ್ತಿರಿ, ಸಭೆಯೂ ಅತ್ತಿತು. ಪಾಸ್ಟರರದು ಎಂಥ ದೊಡ್ಡ ಮನಸ್ಸು ಎಂದರು. ಉತ್ತರ ಕೊಡುವುದನ್ನು ತಪ್ಪಿಸಿಕೊಳ್ಳಲು ನಾನು ದೇವರನ್ನು ಕರೆದೆ. ಸುಳ್ಳು ಹೇಳಿದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಡುತ್ತದೆ.

ಮರುದಿನ ಟೆಂಪೊ ಬಂದಾಗ ಎಲ್ಲರಿಗಿಂತ ಮೊದಲು ಬಂದವರು ನೀವೇ. ನಮ್ಮ ಕಬ್ಬಿಣದ ಕಪಾಟಿನ ಒಂದು ತುದಿ ಹಿಡಿದು ನಿಂತಿರಿ, ಇನ್ನೊಂದು ತುದಿಗೆ ಯಾರೂ ಕೈ ಹಚ್ಚಲಿಲ್ಲ. ಕಡೆಗೆ ಡ್ರೈವರ್ ಇಳಿದು ಬಂದ. ನಾನು ನೋಡಿದೆ. ನೋಡಿ, ಹಗ್ಗ ಬಿಗಿಯಾಗಿದೆಯೇ ಎಂದು ಪರೀಕ್ಷಿಸುವವನಂತೆ ಆಚೆ ತಿರುಗಿದೆ. ದಾರಿಯಲ್ಲಿ ಸುಗುಣಾ ಕೇಳಿದಳು, "ಆ ಮನಷ್ಯಾಗ ಯಾಕ ಹಂಗ ಮಾಡಿದ್ರಿ?" ನಾಲ್ಕು ದಿನಕ್ಕೆ ಎಲ್ಲರೂ ಮರೆಯುತ್ತಾರೆ ಎಂದೆ.

ಮರೆತಿಲ್ಲ. ಹೋದ ತಿಂಗಳು ಶಹಾಪುರದ ಮದುವೆಯೊಂದರಲ್ಲಿ ನಿಮ್ಮ ಹೆಂಡತಿ ರತ್ನಮ್ಮಕ್ಕ ಸಿಕ್ಕಿದ್ದರು. ಗುರುವಾರದ ಮನೆಪ್ರಾರ್ಥನೆ ಹೇಗೆ ನಡೆದಿದೆ ಎಂದು ಸುಮ್ಮನೆ ಮಾತಿಗೆ ಕೇಳಿದೆ. ವಾರಕ್ಕೊಂದು ಮನೆಯಂತೆ ಅದನ್ನು ಶುರು ಮಾಡಿದ್ದು ನಾನೇ ಅಲ್ಲವೇ.

"ನಮ್ಮ ಮನೀಗಿ ಬರಂಗಿಲ್ರಿ," ಎಂದರು. "ನೀವು ಹೋದ ಮ್ಯಾಲ ಮೊದಲ್ನೇ ಪಾಳಿ ಬಂದಾಗ ಚಾಪಿ ಹಾಸಿ, ಚಾ ಮಾಡಿ ಕುಂತಿದ್ವಿ. ಯಾರೂ ಬರ್ಲಿಲ್ಲ. ಈಗ ನಮ್ಮ ಮನಿ ದಾಟಿ ಮುಂದಿನ ಮನೀಗಿ ಹೋಗ್ತಾರ. ನಮ್ಮ ಇವ್ರು ಯಾರಿಗೂ ಏನೂ ಅನ್ನಂಗಿಲ್ಲ. ಅಂಥಾ ದೇವರಂಥ ಮನಷ್ಯಾನ ಓಡಿಸೀನಿ, ಅನುಭವಿಸ್ಬೇಕು ಅಂತಾರ. ನೀವರೆ ಒಮ್ಮೆ ಬಂದು ಪ್ರಾರ್ಥನಾ ಮಾಡ್ರಿ."

ಬರುತ್ತೇನೆ ಎಂದೆ. ಆಗಲೂ ನಿಜ ಹೇಳಲಿಲ್ಲ, ದಾನಪ್ಪಣ್ಣ. ಮದುವೆಯ ಊಟವನ್ನು ತಲೆ ತಗ್ಗಿಸಿ ಉಂಡು ಎದ್ದೆ.

ಜನ ನಿಮ್ಮನ್ನು ದೂರ ಇಟ್ಟದ್ದು ನೋವು. ಅದಕ್ಕಿಂತ ಹೆಚ್ಚಿನ ನೋವು, ನೀವೇ ನಿಮ್ಮನ್ನು ತಪ್ಪಿತಸ್ಥ ಎಂದು ನಂಬಿಕೊಂಡದ್ದು. ಕಮಿಟಿಯಲ್ಲಿ ಕೂಗಿದ್ದು ಹೇಗೋ ಮೇಲಿನವರಿಗೆ ಮುಟ್ಟಿರಬೇಕು ಎಂದು, ನಾನು ಕ್ಷಮಿಸಿದ್ದರಿಂದ ನಂಬಿದಿರಿ. ತಪ್ಪಿಲ್ಲದೆ ಪಾಸ್ಟರ್ ಯಾಕೆ ಕ್ಷಮಿಸುತ್ತಾನೆ ಎಂದು —

ಈ ಶನಿವಾರ ನಿಮ್ಮ ಅಂಗಡಿಗೆ ಬರುತ್ತೇನೆ. ಮೊದಲು ನಿಮಗೊಬ್ಬರಿಗೇ ಹೇಳುತ್ತೇನೆ. ಇಲ್ಲಿ ಬರೆದದ್ದೆಲ್ಲ ಅದಕ್ಕಾಗಿ ನಾನು ಮಾಡಿಕೊಳ್ಳುತ್ತಿರುವ ತಯಾರಿ, ಬಾಯಿ ಮತ್ತೆ ತಪ್ಪಿಸಿಕೊಳ್ಳಬಾರದಲ್ಲ. ಭಾನುವಾರ ಸಭೆಯ ಮುಂದೆ ಹೇಳುತ್ತೇನೆ. ಈಗಿನ ಪಾಸ್ಟರ್ ಒಪ್ಪಿದ್ದಾರೆ. ನಿಲುವಂಗಿ ತೊಡುವುದಿಲ್ಲ. ನಾಲ್ಕೇ ಮಾತು, ಈ ಸಲ ಉದ್ದ ಮಾಡುವುದಿಲ್ಲ.

ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಸ್ವಭಾವ ನನಗೆ ಗೊತ್ತು — ನನ್ನ ಮಾತು ಮುಗಿಯುವ ಮೊದಲೇ ಎದ್ದು ಬಂದು ನನ್ನ ಕೈ ಹಿಡಿಯುತ್ತೀರಿ. ಬರಬೇಡಿ. ಕೂತಲ್ಲೇ ಕೂತಿರಿ. ಸಭೆ ಹಿಂದೆ ತಿರುಗಿ ನಿಮ್ಮನ್ನು ಕಣ್ತುಂಬ ನೋಡಲಿ. ಕ್ಷಮೆ ಎಂಬ ಮಾತನ್ನು ಅದೇ ಜಾಗದಲ್ಲಿ ನಿಂತು ಸುಳ್ಳಿಗೆ ಬಳಸಿದವನು ನಾನು. ಅದನ್ನೇ ಈಗ ನಿಮ್ಮಿಂದ ಕೇಳುವ ಮುಖ ನನಗಿಲ್ಲ.