ಖಾಲಿ ಇಲ್ಲದ ಹೆಸರು

ಜನನ ನೋಂದಣಿ ಕಚೇರಿಯ ಕ್ಲಾರ್ಕಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಹೆಣ್ಣುಮಕ್ಕಳ ಹೆಸರುಗಳೆಂದರೆ ಪ್ರಾಣ. ಇಪ್ಪತ್ತು ವರ್ಷದಿಂದ ಕಿವಿಗೆ ಬಿದ್ದ ಅಪರೂಪದ ಹೆಸರುಗಳನ್ನೆಲ್ಲ ಅರ್ಥದ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ.

ಅವತ್ತು ಒಬ್ಬ ಅಜ್ಜಿ, ಮಗು ಎತ್ತಿಕೊಂಡ ಸೊಸೆಯನ್ನು ಕರೆದುಕೊಂಡು ಬಂದರು. "ನಾಲ್ಕನೇದೂ ಹೆಣ್ಣೇ. 'ಸಾಕು' ಅಂತ ಬರ್ಕೊಳ್ಳಮ್ಮ" ಎಂದರು.

ಕ್ಲಾರ್ಕಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. "ಆ ಹೆಸರು ಖಾಲಿ ಇಲ್ಲ ಅಜ್ಜಿ."

"ಅದೇನು ಬಸ್ಸಿನ ಸೀಟಾ, ಖಾಲಿ ಇಲ್ಲದೇ ಇರೋಕೆ? ಯಾರು ಕೂತಿದ್ದಾರೆ ಅದರಲ್ಲಿ?"

"ನಾನು. ನಮ್ಮನೇಲಿ ಐದನೇ ಹೆಣ್ಣು. ಐವತ್ತು ವರ್ಷ ಹೊತ್ತಿದ್ದೀನಿ, ಇನ್ನೊಬ್ಬಳ ತಲೆಗೆ ಕಟ್ಟಲ್ಲ."

ಕ್ಲಾರ್ಕಮ್ಮ ನೋಟ್‌ಬುಕ್ಕನ್ನು ಸೊಸೆಯ ಮುಂದೆ ತೆರೆದಿಟ್ಟು ತಾನೇ ಓದಿ ಹೇಳಿದಳು. ಇಬ್ಬನಿ ಎಂದರೆ ಮುಂಜಾವಿನ ಹನಿ, ಇಂಚರ ಎಂದರೆ ಹಕ್ಕಿಯ ಇಂಪಾದ ದನಿ, ಹೊನಲು ಎಂದರೆ ತುಂಬಿ ಹರಿಯುವ ನೀರು. ಸೊಸೆ 'ಹೊನಲು' ಮೇಲೆ ಬೆರಳಿಟ್ಟಳು.

ಅಜ್ಜಿಯೂ ಮೆಲ್ಲಗೆ ಇಣುಕಿದರು. "ಹಾಗೇ ನಿನಗೂ ಒಂದು ಚೆಂದದ ಹೆಸರು ಆರಿಸ್ಕೊಳ್ಳೇ ತಾಯಿ."

ಕ್ಲಾರ್ಕಮ್ಮ ಹೊನಲು ಎಂದು ದುಂಡಗೆ ಬರೆದು ತಲೆಯೆತ್ತಿದಳು. "ಬೇಡ ಅಜ್ಜಿ. ನಾನೆದ್ದರೆ ಆ ಸೀಟು ಖಾಲಿಯಾಗುತ್ತೆ."