ಮಾತು ಬಿಟ್ಟ ಕಂಪ್ಯೂಟರ್

ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಲೇತ್ ಯಂತ್ರ ನಡೆಸಿದವರು ಅವರು. ಗ್ಲಾಕೋಮಾ ಎಂಬ ಕಾಯಿಲೆ ಸದ್ದಿಲ್ಲದೆ ಬಂದು ಎರಡೇ ವರ್ಷದಲ್ಲಿ ಎರಡೂ ಕಣ್ಣಿನ ನೋಟ ತೆಗೆದುಕೊಂಡು ಹೋಯಿತು. ಆಮೇಲೆ ಒಂದು ವರ್ಷ ಚಂದಾಪುರದ ನಮ್ಮ ಬಾಡಿಗೆ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೀದಿಯ ಸದ್ದು ಕೇಳುತ್ತಾ ಕಳೆದರು.

ಮನೆಗೆ ಕಂಪ್ಯೂಟರ್ ತಂದವಳು ನಾನು. ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಇನ್ನೊಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನನ್ನ ಕೆಲಸ. ಅಲ್ಲಿ ಯಾವ ಕಂಪ್ಯೂಟರ್ ಮುನಿಸಿಕೊಂಡರೂ ‘ಸ್ಟೋರ್ಸ್ ಮೇಡಂನ ಕರೀರಿ’ ಅನ್ನುವುದು ರೂಢಿ. ಯಾರೂ ಕಲಿಸದೆ ಕಲಿತದ್ದು, ಹಾಗಾಗಿ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಗುಜರಿಗೆ ಹಾಕಲು ಇಟ್ಟಿದ್ದ ಒಂದು ಯಂತ್ರವನ್ನು ಕೇಳಿ ತಂದು, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಹಗುರವಾದ ವ್ಯವಸ್ಥೆಯೊಂದನ್ನು ಹಾಕಿದೆ. ಭಾರದ ವ್ಯವಸ್ಥೆಗಳನ್ನು ಹಾಕಿದರೆ ಆ ಮುದಿ ಯಂತ್ರ ಏದುಸಿರು ಬಿಡುತ್ತಿತ್ತು. ಇದು ಗಂಜಿಯ ಹಾಗೆ ಅದಕ್ಕೆ ಒಗ್ಗಿತು. ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವನ್ನೂ ಸೇರಿಸಿದೆ. ಮೂಗಿನಲ್ಲಿ ಮಾತಾಡುವ ಗಂಡಸಿನ ದನಿ ಅದರದು. ಗಂಡಸಾದರೇನು, ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ. ಬೆಳಗಾದರೆ ಇವರಿಗೆ ಅದರ ಜೊತೆಗೇ ಸಹವಾಸ.

ಕಳೆದ ದಸರಾ ಹೊತ್ತಿಗೆ ಇವರಿಗೊಂದು ಕೆಲಸದ ಕರೆ ಬಂತು. ಫೋನಿನಲ್ಲಿ ಜನ ಆಡಿದ ಮಾತುಗಳನ್ನು ಕೇಳಿ ಅಕ್ಷರಕ್ಕೆ ಇಳಿಸುವ ಕೆಲಸ, ಮನೆಯಿಂದಲೇ ಮಾಡಬಹುದು. ಮೊದಲು ಒಂದು ಪರೀಕ್ಷೆ. ಅದೂ ಮನೆಯಲ್ಲೇ, ಇಂಟರ್‌ನೆಟ್ ಮೂಲಕ, ವಿಜಯದಶಮಿಯ ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ. ಎರಡು ತಿಂಗಳಿಂದ ಇವರು ಕೀಲಿಮಣೆ ಕುಟ್ಟಿ ಕುಟ್ಟಿ ಬೆರಳು ಪಳಗಿಸಿಕೊಂಡಿದ್ದರು. ಒಂದು ದಿನ ಸಮಾಧಾನಕ್ಕೆಂದು ನಾನು, “ಪಾಸಾಗ್ದೇ ಇದ್ರೂ ಪರವಾಗಿಲ್ಲ ಕಣ್ರೀ” ಅಂದೆ.

“ನಿಂಗೆ ಪರವಾಗಿಲ್ಲ ಅನ್ನಿಸ್ಬೋದು,” ಅಂದರು. “ಆ ಕಿಟಕಿ ಪಕ್ಕಕ್ಕೆ ವಾಪಸ್ ಹೋಗಿ ಕೂರೋನು ನಾನು.”

ಅವತ್ತಿನಿಂದ ಆ ಪರೀಕ್ಷೆಯ ಭಯ ಅವರಿಗಿಂತ ನನಗೇ ಹೆಚ್ಚು ಹತ್ತಿಕೊಂಡಿತು. ನಮ್ಮ ಬೀದಿಯಲ್ಲಿ ಚರಂಡಿಗೆಂದು ರಸ್ತೆ ಅಗೆಯುತ್ತಿದ್ದರು; ದಿನಕ್ಕೊಂದು ಸಲ ಯಾರದೋ ಗುದ್ದಲಿಗೆ ಸಿಕ್ಕಿ ಇಂಟರ್‌ನೆಟ್ ತಂತಿ ತುಂಡಾಗುತ್ತಿತ್ತು. ಮಹಡಿ ಮೇಲಿನ ಮನೆಯೊಡತಿ ಪುಣ್ಯಾತ್ಗಿತ್ತಿ, ತಮ್ಮ ವೈಫೈ ಬಳಸಿಕೊಳ್ಳಿ ಎಂದರು. ಅದನ್ನು ಹಿಡಿಯಲು ಕಂಪ್ಯೂಟರಿಗೆ ಚುಚ್ಚುವ ಹೆಬ್ಬೆರಳಿನಷ್ಟು ದೊಡ್ಡ ಒಂದು ಡಾಂಗಲ್ ತಂದೆ. ಚುಚ್ಚಿದರೆ ಅದರ ದೀಪವೇ ಹತ್ತಲಿಲ್ಲ. ಡಾಂಗಲ್ ಹೊಸದು, ನಮ್ಮ ಲಿನಕ್ಸಿನ ಕರ್ನಲ್ ಹಳೆಯದು. ಕರ್ನಲ್ ಅಂದರೆ ಕಾರ್ಖಾನೆಯ ಮೇಸ್ತ್ರಿ ಇದ್ದ ಹಾಗೆ: ಯಾವ ಬಿಡಿಭಾಗಕ್ಕೆ ಯಾವ ಕೆಲಸ ಎಂದು ಹೇಳಿ ಮಾಡಿಸುವುದು ಅದೇ. ತನಗೆ ಪರಿಚಯವಿಲ್ಲದವರ ಕೈಯಲ್ಲಿ ಅದು ಕೆಲಸ ತೆಗೆಯುವುದಿಲ್ಲ. ಡಾಂಗಲನ್ನು ಬಲ್ಲ ಹೊಸ ಕರ್ನಲ್ ಹಾಕುವುದೊಂದೇ ದಾರಿ.

ಆಯುಧಪೂಜೆಯ ಬೆಳಿಗ್ಗೆ ಇವರ ಹಳೆಯ ಗೆಳೆಯರು ಬೈಕಿನಲ್ಲಿ ಬಂದು ಕಾರ್ಖಾನೆಯ ಪೂಜೆಗೆ ಇವರನ್ನು ಕರೆದುಕೊಂಡು ಹೋದರು. ಪ್ರತಿ ವರ್ಷ ಹಾಗೆ. ಇವರ ಲೇತಿಗೆ ಇವರೇ ಕುಂಕುಮ ಹಚ್ಚಬೇಕು. ಮನೆಯಲ್ಲಿ ನಾನೊಬ್ಬಳೇ. ಬೆಳಗಿನಿಂದ ಧೂಳು ಹೊಡೆದು, ತುಕ್ಕು ಹಿಡಿದ ಸ್ಕ್ರೂ, ಮುರಿದ ಕತ್ತರಿ, ಕೆಟ್ಟ ಟಾರ್ಚು ಎಲ್ಲವನ್ನೂ ಚೀಲಕ್ಕೆ ತುಂಬಿ ಹೊರಗೆ ಹಾಕಿದ್ದೆ. ಆ ಹುರುಪಿನಲ್ಲೇ ಕಂಪ್ಯೂಟರಿನ ಮುಂದೆ ಕೂತೆ. ಅದು ಅಕ್ಷರ ಅಕ್ಷರಕ್ಕೂ ಒದರುವುದು ನನಗೆ ಆಗುವುದಿಲ್ಲ, ಹಾಗಾಗಿ ಸ್ಪೀಕರಿನ ತಿರುಪನ್ನು ಪೂರ್ತಿ ಇಳಿಸಿದೆ. ಫೋನಿನ ಇಂಟರ್‌ನೆಟ್ ಬಳಸಿ ಹೊಸ ಕರ್ನಲ್ ಇಳಿಸಿಕೊಂಡು, ಹಾಕಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಪರದೆ ಬಂತು. ಡಾಂಗಲಿನ ನೀಲಿ ದೀಪ ಮಿನುಗಿತು. ಮೇಲಿನ ಮನೆಯ ವೈಫೈ ಸಿಕ್ಕಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊಸದು ಹಾಕಿದರೂ ಹಳೆಯ ಕರ್ನಲ್ ಪಕ್ಕದಲ್ಲೇ ಇರುತ್ತದೆ. ಹೊಸದು ಕೈಕೊಟ್ಟರೆ ಹಳೆಯದರಿಂದ ಕಂಪ್ಯೂಟರನ್ನು ಎಬ್ಬಿಸಬಹುದು; ಅದಕ್ಕೇ ಅದನ್ನು ಕೆಲವು ದಿನವಾದರೂ ಮುಟ್ಟಬಾರದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವತ್ತು ಮನೆಯಲ್ಲಿ ಒಂದು ಹಳೆಯ ಮೊಳೆಯನ್ನೂ ಉಳಿಸದವಳು, ಡಿಸ್ಕಿನಲ್ಲಿ ಜಾಗ ತಿನ್ನುತ್ತಾ ಕೂತಿದ್ದ ಹಳೆಯ ಕರ್ನಲನ್ನು ಬಿಡುತ್ತೇನೆಯೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದುಕೊಂಡು ಅದನ್ನೂ ಗುಡಿಸಿ ಹಾಕಿದೆ. ಅದರ ಜೊತೆಗೆ, ಇಳಿಸಿಕೊಂಡು ಇಟ್ಟಿದ್ದ ಕಡತಗಳನ್ನೂ. ಆಮೇಲೆ ಕಂಪ್ಯೂಟರ್ ಆರಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಮಂಗಳಾರತಿ ಮಾಡಿದೆ. ಪೂಜೆಯಾದ ಆಯುಧವನ್ನು ಮಾರನೆಯ ದಿನದವರೆಗೆ ಬಳಸುವಂತಿಲ್ಲ. ಮಧ್ಯಾಹ್ನ ಬಂದ ಇವರು ಹೂವನ್ನು ಬೆರಳಲ್ಲಿ ಸವರಿ, ಕೈ ಮುಗಿದು ಸುಮ್ಮನಾದರು.

ವಿಜಯದಶಮಿಯ ಬೆಳಿಗ್ಗೆ ಸ್ನಾನ ಮುಗಿಸಿ ಅವರು ಕಂಪ್ಯೂಟರ್ ಹೊತ್ತಿಸಿದರು. ನಾನು ಒಗೆದ ಬಟ್ಟೆ ಹಿಂಡುತ್ತಿದ್ದೆ. ಎಷ್ಟು ಹೊತ್ತಾದರೂ ಸವತಿಯ ದನಿ ಬರಲಿಲ್ಲ. ಬಂದು ನೋಡಿದರೆ ಇವರು ಬೆನ್ನು ನೆಟ್ಟಗೆ ಮಾಡಿ ಕೂತು, ಕೆಳಬಾಣದ ಕೀಲಿಯನ್ನು ಒತ್ತುತ್ತಿದ್ದಾರೆ. ಒತ್ತುವುದು, ಕಿವಿ ಕೊಡುವುದು. ಮತ್ತೆ ಒತ್ತುವುದು. ಪರದೆ ಅವರ ಮುಂದೆ ಝಗಝಗ ಬೆಳಗುತ್ತಿತ್ತು.

ಸ್ಪೀಕರಿನ ತಿರುಪು ಇಳಿಸಿದ್ದು ನೆನಪಾಗಿ ಓಡಿ ಏರಿಸಿದೆ. ಮಾತಿಲ್ಲ. “ಇರ್ರೀ, ಯಾವ್ದೋ ಪಿನ್ನು ಸಡಿಲ ಆಗಿರ್ಬೇಕು” ಎಂದು ಸುಳ್ಳು ಹೇಳಿ, ಪಿನ್ನನ್ನು ಕಿತ್ತು ಚುಚ್ಚಿದೆ. ಎರಡು ಸಲ ಆರಿಸಿ ಹೊತ್ತಿಸಿದೆ. ನಿನ್ನೆ ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ, ಕಣ್ಣಿನಿಂದ. ದೀಪ ಹತ್ತಿತು, ಪರದೆ ಬಂತು, ಸರಿ ಎಂದುಕೊಂಡಿದ್ದೆ. ಆ ಯಂತ್ರ ಯಾರಿಗಾಗಿ ಇದೆಯೋ ಅವರಿಗೆ ಬೇಕಾದ ಒಂದೇ ಒಂದನ್ನು ಕೇಳಿ ನೋಡಿರಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಹಳೆಯ ಕರ್ನಲನ್ನು ನನ್ನ ಕೈಯಾರೆ ಅಳಿಸಿದ್ದೆ; ಅಷ್ಟು ಹಳೆಯದು ಈಗ ಇಳಿಸಿಕೊಳ್ಳಲೂ ಸಿಗುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಏನ್ ಮಾಡ್ದೆ?” ಅಂದರು. ದನಿ ಏರಿಸಲಿಲ್ಲ.

ಹೇಳಿದೆ. ಕರ್ನಲ್ ಬದಲಿಸಿದ್ದು, ಹಳೆಯದನ್ನು ತೆಗೆದದ್ದು, ಎಲ್ಲ.

“ನನ್ನ ಕೇಳ್ದೆ ಯಾಕ್ ಮಾಡ್ದೆ?”

“ನಿಮಗೋಸ್ಕರಾನೇ ಅಲ್ವೇನ್ರೀ ಮಾಡಿದ್ದು” ಅಂದೆ. ಅಂದ ಕೂಡಲೇ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು. ಅವರು ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಂದು ವರ್ಷ ಇಟ್ಟುಕೊಂಡಿದ್ದು ಹೀಗೇ. ಒಂದು ಸಲ ಕಾಯಿಲೆ ಇವರ ಕಣ್ಣು ಕಿತ್ತುಕೊಂಡಿತು, ಎರಡನೆಯ ಸಲ ನಾನು ಕಿತ್ತುಕೊಂಡೆ ಅನ್ನಿಸಿತು.

ಹಬ್ಬದ ದಿನ, ಕೇಳೋಣವೆಂದರೆ ಯಾವ ಅಂಗಡಿಯೂ ತೆರೆದಿರಲಿಲ್ಲ. ನಾನು ಫೋನಿನಲ್ಲಿ ಹುಡುಕಿ, ಯಾರು ಯಾರೋ ಬರೆದ ಸಲಹೆಗಳನ್ನೆಲ್ಲ ಒಂದರ ಹಿಂದೊಂದು ಮಾಡಿ ನೋಡಿದೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮಾಡಿದ್ದು ಯಾವುದು, ಬಿಟ್ಟದ್ದು ಯಾವುದು ನನಗೇ ಗೊತ್ತಾಗದಷ್ಟು ಕಲಸುಮೇಲೋಗರ. ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿಬಿಡುತ್ತೇನೆ ಅಂದೆ. ಹಾಗೆ ಮಾಡಿದರೆ ಇವರು ಎರಡು ತಿಂಗಳು ಕೂತು ತಮ್ಮ ಬೆರಳಿಗೆ ತಕ್ಕ ಹಾಗೆ ಹೊಂದಿಸಿಕೊಂಡ ಕೀಲಿಗಳು, ದನಿಯ ವೇಗ, ಎಲ್ಲ ಹೋಗುತ್ತಿತ್ತು.

“ಕೈ ತೆಗಿ,” ಅಂದರು. “ಮುಟ್ಬೇಡ. ಸ್ಪೀಕರ್ ಪಿನ್ ಕಿತ್ತು ನನ್ನ ಕೈಗೆ ಕೊಡು.”

ಕೊಟ್ಟೆ. ಪಿನ್ನಿನ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿದರು. ಸ್ಪೀಕರ್ ಗುಂಯ್ ಅಂದಿತು.

“ಇದು ಬದುಕಿದೆ. ಇನ್ನು ಸದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಒಂದು ಪಟ್ಟಿ ಬರುತ್ತಲ್ಲ, ಅದನ್ನ ತೆಗಿ. ಓದು.”

“ಅದನ್ನ ಆಗ್ಲೇ ನೋಡ್ದೆ ಕಣ್ರೀ. ಸೌಂಡ್ ಕಾರ್ಡ್ ಇದೆ, ಸರಿಯಾಗೇ ಇದೆ.”

“ನೋಡಿದ್ದು ಸಾಕು. ಓದು. ಒಂದಕ್ಷರ ಬಿಡ್ಬೇಡ.”

ಹೊಸಬರಿಗೆ ಲೇತ್ ಕಲಿಸುವಾಗ ಇವರು ಹೀಗೇ ಮಾತಾಡುತ್ತಿದ್ದರಂತೆ. ನನಗೆ ಅಳು, ಸಿಟ್ಟು ಎರಡೂ ಬಂತು, ನುಂಗಿಕೊಂಡು ಓದಿದೆ. ಆ ಪಟ್ಟಿಯ ಎಣಿಕೆ ಶುರುವಾಗುವುದೇ ಸೊನ್ನೆಯಿಂದ. ಸೊನ್ನೆಯದು ಪರದೆಗೆ ಹೋಗುವ ಕೇಬಲ್ಲಿನ ದಾರಿ. ಒಂದನೆಯದು ಪೆಟ್ಟಿಗೆಯ ಒಳಗಿನ ಸೌಂಡ್ ಕಾರ್ಡು, ಅಂದರೆ ಸ್ಪೀಕರಿನ ದಾರಿ.

“ಇನ್ನೊಂದ್ಸಲ ಓದು.”

ಓದಿದೆ.

“ತಿರುಗುಮುರುಗು ಆಗಿದೆ,” ಅಂದರು. “ಮೊದ್ಲು ಸ್ಪೀಕರ್ ಬರ್ತಿತ್ತು, ಆಮೇಲೆ ಪರದೆ. ದಿನಾ ಕೇಳಿದ್ದೀನಿ. ಅದು ಮಾತಾಡ್ತಾನೇ ಇದೆ ಕಣೇ, ಬಾಯಿ ಇಲ್ದೇ ಇರೋ ಕಡೆ.”

ನಾನು ಆ ಪಟ್ಟಿಯನ್ನು ಅವತ್ತು ಬೆಳಿಗ್ಗೆಯೇ ಐದಾರು ಸಲ ನೋಡಿದ್ದೆ. ಕಣ್ಣಿಗೆ ಎರಡು ಸಾಲೂ ಒಟ್ಟಿಗೇ ಬೀಳುತ್ತವೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ಯಾರು ಗಮನಿಸುತ್ತಾರೆ? ಕಿವಿಗೆ ಮಾತ್ರ ಒಂದು ಮುಗಿದ ಮೇಲೇ ಇನ್ನೊಂದು. ಹೊಸ ಕರ್ನಲ್ ಬಂದಾಗ ಬಿಡಿಭಾಗಗಳನ್ನು ಎಣಿಸುವ ಸರದಿ ಬದಲಾಗಿ, ಸದ್ದೆಲ್ಲ ಪರದೆಯ ಕಡೆ ತಿರುಗಿಕೊಂಡಿತ್ತು. ನಮ್ಮ ಪರದೆಗೆ ಸ್ಪೀಕರೇ ಇಲ್ಲ.

ಬೆಳಗಿನಿಂದ ಸಿಕ್ಕಸಿಕ್ಕಲ್ಲಿ ಬರೆದ ಸಾಲುಗಳನ್ನೆಲ್ಲ ಅವರು ಹೇಳಿದ ಹಾಗೆ ಒಂದೊಂದಾಗಿ ಅಳಿಸಿದೆ. ಆಮೇಲೆ, ಸದ್ದು ಒಂದನೆಯ ದಾರಿಗೇ ಹೋಗಲಿ ಎಂದು ಒಂದೇ ಒಂದು ಸಾಲು ಬರೆದೆ. ಪಿನ್ನು ಚುಚ್ಚಿ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಅದು ಏಳುವಷ್ಟು ಹೊತ್ತು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮೂಗಿನ ದನಿ “ಸ್ಕ್ರೀನ್ ರೀಡರ್ ಆನ್” ಅಂದಾಗ ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ. ನನ್ನ ತಲೆ ಸವರುತ್ತಾರೇನೋ ಎಂದು ಕಾದೆ. ಅವರು ಆಗಲೇ ಕೀಲಿಮಣೆಯ ಮೇಲೆ ಕೈ ಇಟ್ಟು, ಏನೇನು ಉಳಿದಿದೆ ಎಂದು ಒಂದೊಂದಾಗಿ ಕೇಳಿಸಿಕೊಳ್ಳುತ್ತಿದ್ದರು.

ಮಾರನೆಯ ದಿನ ಪರೀಕ್ಷೆಗೆ ಜೊತೆಗಿರಲೆಂದು ರಜೆ ಕೇಳುತ್ತೇನೆ ಅಂದೆ. “ಬೇಡ, ನೀನು ಕೆಲ್ಸಕ್ಕೆ ಹೋಗು. ನೀನು ಹಿಂದೆ ನಿಂತ್ಕೊಂಡಿದ್ರೆ ನಂಗೆ ಭಯ” ಅಂದರು. ಹತ್ತರಿಂದ ಹನ್ನೊಂದೂವರೆಯವರೆಗೆ ಸ್ಟೋರ್ಸಿನಲ್ಲಿ ನಾನು ಬೋಲ್ಟ್ ಕೇಳಿದವರಿಗೆ ವಾಷರ್ ಕೊಟ್ಟೆ. ಅವರಾಗಿ ಫೋನ್ ಮಾಡಲಿಲ್ಲ. ಮಾಡಲು ನನಗೆ ಧೈರ್ಯ ಬರಲಿಲ್ಲ. ಸಂಜೆ ಮನೆಗೆ ಬಂದರೆ, “ಆಯ್ತು, ಚೆನ್ನಾಗೇ ಆಯ್ತು” ಅಂದರು. ಎಂಟು ದಿನ ಬಿಟ್ಟು ಕೆಲಸ ಸಿಕ್ಕಿದ ಸುದ್ದಿ ಬಂತು.

ಆ ಸುದ್ದಿ ಬಂದ ಭಾನುವಾರ ಅವರು ಕಂಪ್ಯೂಟರಿನ ಮುಖ್ಯ ಪಾಸ್‌ವರ್ಡ್ ಬದಲಿಸಿದರು. ಅದಿಲ್ಲದೆ ಯಾರೂ ಏನನ್ನೂ ಹಾಕುವಂತಿಲ್ಲ, ಅಳಿಸುವಂತಿಲ್ಲ. “ಸ್ವಲ್ಪ ಆ ಕಡೆ ತಿರುಗು” ಅಂದರು. ತಿರುಗಿದೆ. ಕೀಲಿಗಳ ಟಕಟಕ ಮಾತ್ರ ಕೇಳಿಸಿತು. ಹೊಸದೇನೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಆ ಯಂತ್ರವನ್ನು ಹೊತ್ತು ತಂದವಳು ನಾನು, ಅದಕ್ಕೆ ಜೀವ ಕೊಟ್ಟವಳು ನಾನು ಎಂದು ಪಾತ್ರೆಗಳನ್ನು ಕುಕ್ಕಿದೆ. ಅವರಿಗೆ ಕೇಳಿಸದೇ ಇರುತ್ತದೆಯೇ?

ಈಗ ಹೊಸ ಕರ್ನಲ್ ಬಂದರೆ ಅವರೇ ಹಾಕಿಕೊಳ್ಳುತ್ತಾರೆ, ಭಾನುವಾರ ಬೆಳಿಗ್ಗೆ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು. ಅಷ್ಟು ಹೊತ್ತೂ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತೇನೆ. ಮಿಕ್ಸಿ ಹಾಕುವುದಿಲ್ಲ, ಒಗ್ಗರಣೆಯನ್ನೂ ಇಡುವುದಿಲ್ಲ. ಯಂತ್ರ ಆರಿ ಮತ್ತೆ ಏಳುವಾಗಿನ ಆ ಮೌನಕ್ಕೆ ನನ್ನ ಎದೆ ಇವತ್ತಿಗೂ ಹೊಂದಿಕೊಂಡಿಲ್ಲ. ಒಳಗಿನಿಂದ ಆ ದನಿ ಕೇಳಿದ ಮೇಲೂ ನಾನು ಹೋಗಿ ಇಣುಕುವುದಿಲ್ಲ. ಕರೆದರೆ ಹೋಗುತ್ತೇನೆ.