ಕೆಂಪು ಚುಕ್ಕಿಯ ಸೆಟ್ಟು

ನನ್ನ ಕಿವಿ ಬಗ್ಗೆ ನನಗೆ ಬಲು ಜಂಬ ಇತ್ತು. ಮೊದಲೇ ಹೇಳಿಬಿಡ್ತೀನಿ. ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು, ಅಡುಗೆಯನ್ನ ಅತ್ತೆ ಮನೇಲಿ ಒಬ್ಬರೂ ಹೊಗಳಿದವರಲ್ಲ, ಮೂಗಿನ ತುದಿಯಲ್ಲೇ ಕೋಪ. ಆದರೆ ಕಿವಿ ಮಾತ್ರ ಬೆಕ್ಕಿನದು. ವಠಾರದ ಆ ಕೊನೇ ಮನೆಯಲ್ಲಿ ಹಾಲು ಉಕ್ಕೋಕೆ ಶುರುವಾದರೆ ಈ ಕೊನೆಯಿಂದ ನಾನು ಕೂಗಿ ಹೇಳ್ತಿದ್ದೆ. ಆ ಕಿವಿಯಿಂದಲೇ ನನಗೆ ಕೆಲಸ ಸಿಕ್ಕಿದ್ದು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಯಶವಂತಪುರದಿಂದ ಮತ್ತಿಕೆರೆ ಕಡೆ ತಿರುಗಿದರೆ ಸಿಮೆಂಟ್ ಶೀಟಿನ ಶೆಡ್ಡುಗಳ ಸಾಲು ಇತ್ತು, ಅದರಲ್ಲಿ ಕೊನೆಯದು ನಮ್ಮದು. ಕಿವಿ ಮಂದ ಇರೋರಿಗೆ ಮಿಷನ್ ಮಾಡುವ ಕಾರ್ಖಾನೆ ಅಂತ ಹೆಸರು. ಒಳಗೆ ನೋಡಿದರೆ ನಾವು ಆರೇ ಜನ. ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುವ ಒಂದು ಡಬ್ಬಿ, ಡಬ್ಬಿಯಿಂದ ಕಿವಿಗೆ ಒಂದು ವೈರು, ಅಷ್ಟೇ ನಮ್ಮ ಮಾಲು. ಈಗಿನವರು ಕಂಡರೆ ನಗ್ತಾರೆ. ಆಗ ಅದನ್ನ ಹಾಕಿಕೊಂಡು ಮೊಮ್ಮಗನ ದನಿ ಮೊದಲ ಸಲ ಕೇಳಿ ಅತ್ತ ಮುದುಕರನ್ನ ನಾನು ಕಣ್ಣಾರೆ ಕಂಡಿದೀನಿ.

ಡಬ್ಬಿಯ ಜೀವ ಇರೋದು ಟ್ರಾನ್ಸಿಸ್ಟರಲ್ಲಿ. ಮೂರು ಕಾಲಿನ ಕಪ್ಪು ಕಾಳು ಅಂದ್ಕೊಳ್ಳಿ. ಯಜಮಾನರು ಬೊಂಬಾಯಿಯಿಂದ ಅಗ್ಗದ ಮಾಲನ್ನ ಚೀಲದಲ್ಲಿ ತರಿಸ್ತಿದ್ದರು. ನೋಡೋಕೆ ಎಲ್ಲಾ ಒಂದೇ. ಆದರೆ ಕೆಲವು ತೆಪ್ಪಗೆ ಇರ್ತವೆ, ಕೆಲವು ಒಳಗೊಳಗೇ ಸೊರ್ರ್ ಅಂತಿರ್ತವೆ, ಥೇಟ್ ಮನುಷ್ಯರ ಹಾಗೆ. ನನ್ನ ಕೆಲಸ ಏನಪ್ಪಾ ಅಂದ್ರೆ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಪರೀಕ್ಷೆ ಬೋರ್ಡಿಗೆ ಸಿಕ್ಕಿಸಿ, ಹೆಡ್‌ಫೋನಿನಲ್ಲಿ ಆ ಸೊರ್ರ್ ಇದೆಯಾ ಇಲ್ಲವಾ ಕೇಳೋದು. ಸದ್ದಿಲ್ಲದ್ದರ ನೆತ್ತಿ ಮೇಲೆ ನೈಲ್ ಪಾಲಿಶ್‌ನಲ್ಲಿ ಒಂದು ಕೆಂಪು ಚುಕ್ಕಿ ಇಡೋದು. ಹಿಡಿಯಷ್ಟು ಕೇಳಿದರೆ ನಾಲ್ಕೋ ಐದೋ ಕೆಂಪು ಚುಕ್ಕಿ ಸಿಗ್ತಿದ್ದವು. ಉಳಿದವು ಇನ್ನೊಂದು ತಟ್ಟೆಗೆ.

ಎರಡು ತಟ್ಟೆಯಿಂದ ಎರಡು ಥರದ ಸೆಟ್ಟು. ಹೊರಗಿಂದ ಅದೇ ಡಬ್ಬಿ, ಅದೇ ವೈರು, ಅದೇ ಬೂದು ಬಣ್ಣ. ಒಳಗೆ ಕೆಂಪು ಚುಕ್ಕಿ ಇದ್ದರೆ ಬೆಲೆ ಜಾಸ್ತಿ. ಗಿರಾಕಿಗೆ ಎರಡನ್ನೂ ತೋರಿಸಿ, "ಯಾವುದು ಬೇಕು ನೀವೇ ಆರಿಸ್ಕೊಳ್ಳಿ" ಅನ್ನೋದು ಯಜಮಾನರ ಪದ್ಧತಿ. ಮೊದಮೊದಲು ನನಗೆ ಅದು ಸರಿ ಕಾಣಲಿಲ್ಲ. "ಕಿವಿ ಕೇಳ್ದೇ ಇರೋದ್ರಲ್ಲೂ ಬಡವ ಬಲ್ಲಿದ ಅಂತ ಭೇದ ಏನ್ ಸಾರ್?" ಅಂತ ಮುಖಕ್ಕೇ ಕೇಳಿದೆ. ಅವರು ನಕ್ಕು, "ರೈಲಲ್ಲಿ ಫಸ್ಟ್ ಕ್ಲಾಸ್ ಇಲ್ವೇನಮ್ಮ? ಎಲ್ರೂ ಹೋಗೋದು ಒಂದೇ ಊರಿಗೆ ತಾನೇ" ಅಂದರು. ಅವರು ಕೆಟ್ಟವರಲ್ಲ. ಜಾಲಹಳ್ಳಿ ಕಡೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಬಂದ ದುಡ್ಡನ್ನೆಲ್ಲ ಈ ಶೆಡ್ಡಿಗೆ ಸುರಿದವರು. ಅವರ ಕಿವಿ ಅಲ್ಲೇ ಅರ್ಧ ಹೋಗಿತ್ತು. ಅದಕ್ಕೇ ಸದ್ದಿನ ವಿಷಯದಲ್ಲಿ ನನ್ನ ಮಾತೇ ಕೊನೆ ಮಾತು.

ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಸಂಜೆವರೆಗೂ ಧಡ್ ಧಡ್ ಧಡ್. ಗೋಡೆ ನಡುಗೋದು, ಟೀ ಲೋಟದಲ್ಲಿ ಟೀ ನಡುಗೋದು. ಅದರ ಮಧ್ಯೆ ಸಣ್ಣ ಸೊರ್ರ್ ಕೇಳಿಸಬೇಕಲ್ಲ, ನಾನು ಹೆಡ್‌ಫೋನಿನ ಸದ್ದು ಪೂರ್ತಿ ಏರಿಸ್ಕೊತಿದ್ದೆ. ಸಿಕ್ಕಿಸುವಾಗ ಕಾಳಿನ ಕಾಲು ತಪ್ಪಿದರೆ ಠಪ್ ಅಂತ ಕಿವಿಯೊಳಗೇ ಪಟಾಕಿ. ಮನೆಗೆ ಹೋದ ಮೇಲೂ ತಲೆಯೊಳಗೆ ಜೀರುಂಡೆ ಕೂಗೋದು. ನಿದ್ದೆ ಮಾಡಿದರೆ ಹೋಗುತ್ತೆ ಅಂದ್ಕೊಂಡಿದ್ದೆ. ಹೋಗ್ತಾನೂ ಇತ್ತು, ಮೊದಲ ಒಂದೆರಡು ವರ್ಷ.

ಆಮೇಲೆ ಕೆಂಪು ಚುಕ್ಕಿಗಳು ಜಾಸ್ತಿಯಾದವು. ಹಿಡಿಯಲ್ಲಿ ಹತ್ತು, ಆಮೇಲೆ ಅರ್ಧಕ್ಕರ್ಧ. ಬೊಂಬಾಯಿ ಮಾಲು ಸುಧಾರಿಸಿದೆ ಅಂತ ಯಜಮಾನರು ಹಿಗ್ಗಿ ಹೀರೇಕಾಯಿ ಆದರು. ಆಯುಧಪೂಜೆಗೆ ನನ್ನ ಬೋರ್ಡಿಗೂ ಹೆಡ್‌ಫೋನಿಗೂ ಕುಂಕುಮ ಹಚ್ಚಿ, ನನಗೊಂದು ಸೀರೆ ಕೊಟ್ಟು, "ನಮ್ಮ ಲಕ್ಷ್ಮಿ ಈಕೆ ಕಿವಿಯಲ್ಲಿದ್ದಾಳೆ" ಅಂದರು. ನಾನು ನಾಚಿಕೊಂಡೆ. ಮನೇಲಿ ಗಂಡನ ಜೊತೆ ಜಗಳ ಬೇರೆ ಜಾಸ್ತಿಯಾಗಿತ್ತು. "ಬಾಯಲ್ಲಿ ಎಲೆ ಅಡಿಕೆ ಇಟ್ಕೊಂಡು ಗೊಣಗಬೇಡಿ, ಬಿಡಿಸಿ ಮಾತಾಡಿ" ಅಂತ ನಾನು. "ಎಲೆ ಅಡಿಕೆ ಬಿಟ್ಟು ವರ್ಷ ಆಯ್ತು ಕಣೇ" ಅಂತ ಅವರು. ಆಗಲಾದರೂ ನನಗೆ ಹೊಳೀಬೇಕಿತ್ತು. ಥೂ, ಜಂಬ ಅನ್ನೋದು ಕಣ್ಣನ್ನಷ್ಟೇ ಅಲ್ಲ, ಕಿವಿಯನ್ನೂ ಮುಚ್ಚುತ್ತೆ.

ಆ ಕಾಲದಲ್ಲೇ ಆ ಅಪ್ಪ ಮಗಳು ಬಂದದ್ದು. ಅಪ್ಪ ಆರ್.ಟಿ. ನಗರದಲ್ಲಿ ಹತ್ತಿ ಎಕ್ಕಿ ಹಾಸಿಗೆ ಮಾಡುವವರು. ಟೋಪಿಯ ಅಂಚಿನಲ್ಲಿ, ಗಡ್ಡದಲ್ಲಿ ಹತ್ತಿಯ ಎಳೆ. ಮಗಳಿಗೆ ಹನ್ನೊಂದು ವರ್ಷ ಇರಬಹುದು. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಕೇಳೋದು ಕಮ್ಮಿಯಾಗಿತ್ತಂತೆ. ಮನೇಲಿ ಉರ್ದು, ನಮ್ಮ ಹತ್ತಿರ ಕನ್ನಡ. ಅಪ್ಪ ಹೇಳಿದರು, "ಸ್ಕೂಲಲ್ಲಿ ಹೆಡ್‌ಮಿಸ್ ಹೇಳವ್ರೆ. ವರ್ಷದ ಪರೀಕ್ಷೆ ಒಳಗೆ ಇವಳಿಗೆ ಪಾಠ ಕೇಳಿಸ್ಬೇಕು, ಇಲ್ಲಾಂದ್ರೆ ಕರ್ಕೊಂಡು ಹೋಗಿ ಅಂತ. ಓದೋದ್ರಲ್ಲಿ ಜಾಣೆ ಅಮ್ಮ. ಒಳ್ಳೇದು ಯಾವುದೈತೋ ಅದೇ ಕೊಡಿ."

ಯಜಮಾನರು ಎರಡು ಡಬ್ಬಿಯನ್ನೂ ಮುಂದಿಟ್ಟರು. ಆ ಮನುಷ್ಯ ಅಗ್ಗದ್ದನ್ನ ಮುಟ್ಟಿಯೂ ನೋಡಲಿಲ್ಲ. ನಾನೇ ನನ್ನ ಕೈಯಾರೆ ಕೆಂಪು ಚುಕ್ಕಿಯ ಸೆಟ್ಟನ್ನ ಹುಡುಗಿಯ ಕಿವಿಗೆ ಹಾಕಿ, ಹಿಂದೆ ನಿಂತು "ಏನಮ್ಮಾ ಪುಟ್ಟಿ" ಅಂದೆ. ಗಕ್ಕನೆ ತಿರುಗಿ ನೋಡಿದಳು. ಅಪ್ಪ ಮಗಳಿಬ್ಬರೂ ನಕ್ಕರು. ನನಗೂ ಸಂತೋಷ ಆಯಿತು, ಸುಳ್ಳು ಯಾಕೆ ಹೇಳ್ಲಿ.

ಒಂದು ವಾರಕ್ಕೆ ವಾಪಸ್ ಬಂದರು. ಹುಡುಗಿ ಡಬ್ಬಿಯನ್ನ ಮೇಜಿನ ಮೇಲಿಟ್ಟು, "ಒಳಗೆ ನಲ್ಲಿ ಬಿಟ್ಟೈತೆ. ಬಂದ್ ಮಾಡಿ" ಅಂದಳು. ನಾನು ಹೆಡ್‌ಫೋನ್ ಹಾಕಿ ಕೇಳಿದೆ. ನಲ್ಲಿಯೂ ಇಲ್ಲ, ಕೊಳಾಯಿಯೂ ಇಲ್ಲ. ನಮ್ಮಲ್ಲಿ ಒಂದು ನಿಯಮ ಇತ್ತು. ಹೊಸದಾಗಿ ಮಿಷನ್ ಹಾಕಿಕೊಂಡವರ ದೂರನ್ನ ಮನಸ್ಸಿಗೆ ಹಚ್ಕೋಬಾರದು. ವರ್ಷಗಟ್ಟಲೆ ಏನೂ ಕೇಳದವರಿಗೆ ಫ್ಯಾನಿನ ಗಾಳಿಯೂ ಸದ್ದೇ, ತಮ್ಮ ಉಸಿರೂ ಸದ್ದೇ. ತಿಂಗಳು ಕಳೆದರೆ ಅಭ್ಯಾಸ ಆಗುತ್ತೆ. ಆ ನಿಯಮ ಸುಳ್ಳೂ ಅಲ್ಲ, ಎಷ್ಟೋ ಜನರಿಗೆ ಹಾಗೇ ಆಗಿತ್ತು. ಅದನ್ನೇ ಹೇಳಿ ಕಳಿಸಿದೆ.

ತಿಂಗಳಾದ ಮೇಲೆ ಮತ್ತೆ ಬಂದರು. ಈ ಸಲ ಅಪ್ಪನ ಮುಖದಲ್ಲಿ ನಗು ಇರಲಿಲ್ಲ. "ಹಾಕ್ಕೊಳ್ಳೋಕೇ ಒಪ್ಪಲ್ಲ ಅಮ್ಮ. ಕ್ಲಾಸಲ್ಲಿ ತೆಗೆದು ಬ್ಯಾಗಲ್ಲಿ ಇಟ್ಕೊತಾಳಂತೆ. ಹೆಡ್‌ಮಿಸ್ ಬೈತಾರೆ." ಹುಡುಗಿ ಅದೇ ಮಾತು ಹೇಳಿದಳು. ನಲ್ಲಿ ನಿಂತಿಲ್ಲ, ಟೀಚರ್ ಮಾತು ನೀರಲ್ಲಿ ಹೋಗುತ್ತೆ. ನನಗೆ ರೇಗಿತು. ನನ್ನ ಚುಕ್ಕಿಗೇ ಹೆಸರಿಡ್ತಾಳಲ್ಲ, ಅದೂ ಕಿವಿ ಕೇಳದ ಪಿಳ್ಳೆ! ಕೇಳಿದೆ, ಕಣ್ಣು ಮುಚ್ಚಿ ಕೇಳಿದೆ, ಪ್ರೆಸ್ ನಿಲ್ಲೋವರೆಗೂ ಕಾದು ಇನ್ನೊಂದು ಸಲ ಕೇಳಿದೆ. ಏನೂ ಇಲ್ಲ. "ನೋಡಿ ಸಾಬ್ರೇ, ಇದರಲ್ಲಿ ಒಂದು ಚೂರೂ ಸದ್ದಿಲ್ಲ. ನಿಮ್ಮ ಹುಡುಗಿಗೆ ವೈರು ನೇತುಹಾಕ್ಕೊಂಡು ಹೋಗೋಕೆ ನಾಚಿಕೆ, ಅದಕ್ಕೇ ಕಥೆ ಕಟ್ತಿದಾಳೆ" ಅಂದುಬಿಟ್ಟೆ.

ಅಪ್ಪ ಮಗಳ ಕಡೆ ತಿರುಗಿದರು. ಉರ್ದುವಿನಲ್ಲಿ ಏನೋ ಕೇಳಿದರು. ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿ ಮತ್ತೆ ಡಬ್ಬಿ ಕಡೆ ಬೆರಳು ತೋರಿಸಿದಳು. ಅವರು ಕೈಯೆತ್ತಿ ಹೊಡೆದರು. ಕೆನ್ನೆಗೆ ಅಂತ ಎತ್ತಿದ ಕೈ, ಅವಳು ತಲೆ ತಿರುಗಿಸಿದ್ದರಿಂದ ಕಿವಿ ಮೇಲೆ ಬಿತ್ತು. ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು. ನಾನು ಚಿಮಟ ಎತ್ತಿಕೊಂಡು ಮುಂದಿನ ಕಾಳು ಸಿಕ್ಕಿಸಿದೆ.

ಅವರು ಮತ್ತೆ ಬರಲಿಲ್ಲ. ಅಭ್ಯಾಸ ಆಗಿರಬೇಕು ಅಂದ್ಕೊಂಡೆ.

ಒಂದು ವರ್ಷ ಕಳೆದಿರಬೇಕು, ಯಜಮಾನರು ಸದ್ದು ಅಳೆಯುವ ಮೀಟರ್ ಕೊಂಡರು. "ಇನ್ನು ನಿನ್ನ ಕಿವಿಗೆ ರಜಾ ಕೊಡೋಣಮ್ಮ" ಅಂತ ಪ್ರೀತಿಯಿಂದಲೇ ಅಂದರು. ಮೀಟರ್ ತಂದುಕೊಟ್ಟವನು ಮೊದಲು ಒಳ್ಳೆ ಮಾಲು ಕೊಡಿ, ಮುಳ್ಳು ಸೊನ್ನೆ ಹತ್ತಿರ ನಿಲ್ಲೋದು ತೋರಿಸ್ತೀನಿ ಅಂದ. ನಾನು ಕೆಂಪು ಚುಕ್ಕಿಯ ತಟ್ಟೆ ಕೊಟ್ಟೆ. ಮೊದಲನೇ ಕಾಳಿಗೇ ಮುಳ್ಳು ಆ ತುದಿಗೆ ಹಾರಿತು. ಎರಡನೆಯದಕ್ಕೂ ಹಾರಿತು. ಐದನೆಯದಕ್ಕೆ ಅವನು ಮೀಟರ್ ಕೆಟ್ಟಿದೆ ಅಂತ ಗಾಬರಿಯಾಗಿ, ನನ್ನ ಹೆಡ್‌ಫೋನ್ ತಗೊಂಡು ತಾನೇ ಕಿವಿಗೆ ಹಾಕ್ಕೊಂಡ. ಹಾಕಿದ ಕೂಡಲೇ ಕಿತ್ತು ಮೇಜಿಗೆ ಎಸೆದ.

"ಏನಮ್ಮಾ ಇದು? ನಲ್ಲಿ ಬಿಟ್ಟಂಗೆ ಸೊರ್ರ್ ಅಂತಿದೆ!"

ಹುಡುಗಿ ಆಡಿದ್ದೂ ಅದೇ ಮಾತು. ಹೆಡ್‌ಫೋನ್ ತಗೊಂಡು ಮತ್ತೆ ಮತ್ತೆ ಕೇಳಿದೆ. ಗವ್ ಅನ್ನೋ ಮೌನ. ಮಾಲು ಸುಧಾರಿಸಿರಲಿಲ್ಲ, ನನ್ನ ಕಿವಿ ಹೋಗಿತ್ತು. ಸೊರ್ರ್ ಅನ್ನೋ ಥರದ ಕೀಚಲು ಸದ್ದಿಗೇ ಕಿವಿ ಮೊದಲು ಕಿವುಡಾಗುತ್ತಂತೆ, ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಹುಡುಗಿಯ ಕಿವಿ ಸೋರಿ ಕೆಟ್ಟದ್ದು ಬೇರೆ ಥರ, ಡಬ್ಬಿ ದೊಡ್ಡದು ಮಾಡಿದ ಸೊರ್ರ್ ಅವಳಿಗೆ ಕೇಳ್ತಿತ್ತು. ಎಷ್ಟು ಕಿವುಡಿಯಾದೆನೋ ಅಷ್ಟು ಚುಕ್ಕಿ ಇಟ್ಟಿದ್ದೆ. ಹೆಚ್ಚು ದುಡ್ಡು ಕೊಟ್ಟು ಮೌನ ಕೊಂಡುಕೊಂಡವರಿಗೆಲ್ಲ ನನ್ನ ಕಿವುಡುತನವನ್ನ ಮಾರಿದ್ದೆವು.

ಮೀಟರಿನವನು ಹೋದ ಮೇಲೆ ಯಜಮಾನರು ಕೆಂಪು ಚುಕ್ಕಿಯ ತಟ್ಟೆಯನ್ನ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ಆಮೇಲೆ, "ಆಗಿದ್ದು ಆಗೋಯ್ತು. ಹೊರಗೆ ಬಾಯಿ ಬಿಡಬೇಡ. ಆರು ಮನೆ ಅನ್ನ ಇದು" ಅಂದರು. ನಾನು ಗಟ್ಟಿಯಾಗಿ ಅತ್ತೆ. ಬೈದೆ ಕೂಡ. ಅವರನ್ನಲ್ಲ, ನನ್ನನ್ನೇ. ಅವರು ನನ್ನನ್ನ ಪ್ಯಾಕಿಂಗಿಗೆ ಹಾಕಿದರು. ಪುಣ್ಯಾತ್ಮರು, ಸಂಬಳ ಇಳಿಸಲಿಲ್ಲ. ಆದರೆ ಮಾರಿದ ಒಂದು ಸೆಟ್ಟನ್ನೂ ವಾಪಸ್ ಕರೆಸಲಿಲ್ಲ.

ನಾನು ಒಂದು ಸೆಟ್ಟು ತಗೊಂಡೆ. ಮೀಟರಿನಲ್ಲಿ ಮುಳ್ಳು ಅಲ್ಲಾಡದ ಕಾಳುಗಳನ್ನೇ ಆರಿಸಿ ಹಾಕಿಸಿದ್ದು. ಯಜಮಾನರು ನೋಡಿಯೂ ನೋಡದಂಗಿದ್ದರು. ಭಾನುವಾರ ಬಸ್ಸು ಹಿಡಿದು ಆರ್.ಟಿ. ನಗರಕ್ಕೆ ಹೋದೆ. ಹಾಸಿಗೆಯವರ ಅಂಗಡಿ ಸಿಗೋದು ಕಷ್ಟವಾಗಲಿಲ್ಲ. ಮುಂದೆ ಅಪ್ಪ ಬಿಲ್ಲಿನಿಂದ ಹತ್ತಿ ಎಕ್ಕುತ್ತಿದ್ದರು, ಗಾಳಿಯೆಲ್ಲ ಹತ್ತಿಯ ಧೂಳು. ಒಳಗೆ ಹುಡುಗಿ ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಉದ್ದ ಬೆಳೆದಿದ್ದಳು. ಕಿವಿಯಲ್ಲಿ ವೈರು ಇರಲಿಲ್ಲ.

"ಸ್ಕೂಲು?" ಅಂದೆ.

"ಬಿಡಿಸಿಬಿಟ್ರು. ಪರೀಕ್ಷೆಯಲ್ಲಿ ಟೀಚರ್ ಓದಿ ಹೇಳಿದ್ದು ಒಂದೂ ಬರೆಯೋಕೆ ಆಗ್ಲಿಲ್ಲ ಇವಳಿಗೆ. ಈಗ ಕೇಳೋಕೆ ಹೋದ್ರೆ ವಯಸ್ಸಾಯ್ತು, ಹಿಂದಿನ ಕ್ಲಾಸಿಗೆ ತಗೊಳ್ಳಲ್ಲ ಅಂತಾರೆ" ಅಂದರು. ಅಪ್ಪನ ಮಾತಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೇದಿತ್ತು. ಒಳಗಿಂದ ಚಹಾ ತರಿಸಿದರು.

ಚಹಾ ಮುಟ್ಟದೆ ಎಲ್ಲ ಹೇಳಿದೆ. ಡಬ್ಬಿಯಲ್ಲಿ ಸದ್ದಿತ್ತು. ಕೇಳದೇ ಇದ್ದದ್ದು ನನ್ನ ಕಿವಿಗೆ. ತಪ್ಪು ನನ್ನದು, ಮಗೂದಲ್ಲ. ಅವರ ಕೈಯಲ್ಲಿದ್ದ ಬಿಲ್ಲು ನಿಂತುಹೋಯಿತು.

ಹೊಸ ಸೆಟ್ಟನ್ನ ಹುಡುಗಿಯ ಕಿವಿಗೆ ನಾನೇ ಹಾಕಿದೆ. ಅವಳು ತಲೆ ಬಗ್ಗಿಸಿ, ಉಸಿರು ಹಿಡಿದು, ನಲ್ಲಿ ಇದೆಯಾ ಅಂತ ಹುಡುಕಿದಳು. ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದ್ದಕ್ಕೆ ಆ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಅಪ್ಪನ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ನನಗೆ ದಕ್ಕಲಿಲ್ಲ.

"ಏನಂದ್ಲು?" ಅಂತ ಅಪ್ಪನನ್ನ ಕೇಳಿದೆ.

ಅವರು ತಲೆ ಎತ್ತಲಿಲ್ಲ. ಹುಡುಗಿ ಅಪ್ಪನನ್ನೇ ನೋಡ್ತಿದ್ದಳು. ನಾನು, ಮಹಾ ದಡ್ಡಿ, ಕಿವಿಯ ಹಿಂದೆ ಕೈ ಇಟ್ಕೊಂಡು ಇನ್ನೊಂದು ಸಲ ಕೇಳಿದೆ. "ಏನಂದ್ಲು, ಸ್ವಲ್ಪ ಹೇಳಿ."

ಅವರು ನೆಲ ನೋಡುತ್ತ ಹೇಳಿದರು. ನನಗೆ ಕೇಳಿಸಲಿಲ್ಲ. ಜೋರಾಗಿ ಅಂದೆ.

"ಆವತ್ತು ನಾನು ಸುಳ್ಳು ಹೇಳಿರ್ಲಿಲ್ಲ ಅಬ್ಬಾ, ಅಂತಾಳೆ."

ಕೊನೆಯ ಮಾತು ನನ್ನ ಕಿವಿಗೆ ಸಿಗಲಿಲ್ಲ, ಇನ್ನೂ ಜೋರಾಗಿ ಹೇಳಿ ಅಂದೆ. ಅಂಗಡಿ ಮುಂದೆ ಹೋಗುವವರು ನಿಂತು ನೋಡುವಷ್ಟು ಜೋರಾಗಿ, ಆ ಮಾತನ್ನ ಆ ಮನುಷ್ಯ ಮೂರನೇ ಸಲ ಹೇಳಬೇಕಾಯಿತು.